ಇಲ್ಲದ ಪ್ರಾಣಿಗೂ ಮೂಳೆ ಬೇಕು

ಪಾಲಿಮರ್ ಕ್ಲೇಯಲ್ಲಿ ಕಲ್ಪನೆಯ ಪ್ರಾಣಿಗಳನ್ನು ಮಾಡಿ ಬಣ್ಣ ಹಚ್ಚುವ ಕೆಲಸ ಈಗ ಬೆಂಗಳೂರಿನ ಕರಕುಶಲ ಮೇಳಗಳನ್ನು ದಾಟಿ ಸಣ್ಣ ಊರುಗಳ ಹುಡುಗ ಹುಡುಗಿಯರ ಕೈಗೂ ಬಂದಿದೆ. ಅಂಗೈಯಗಲದ ಡ್ರ್ಯಾಗನ್, ಕೊಂಬು ಮೂಡಿದ ನರಿ, ರೆಕ್ಕೆ ಹಚ್ಚಿಕೊಂಡ ಬೆಕ್ಕು ಇವುಗಳ ಮುಖ್ಯ ಸರಕು. ನೋಡಿದವರು ಮುದ್ದಾಗಿದೆ ಎಂದು ಹೊಗಳಿ ಮುಂದೆ ಹೋಗುತ್ತಾರೆ. ಆ ಹೊಗಳಿಕೆಯಿಂದ ಮಾಡುವವರಿಗೆ ಪ್ರಯೋಜನವಿಲ್ಲ. ಇದು ಶಿಲ್ಪದ ಕೆಲಸ. ಶಿಲ್ಪಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು: ಪ್ರಾಣಿ ತನ್ನ ಕಾಲ ಮೇಲೆ ತಾನು ನಿಂತಿದೆಯೇ? ರೆಕ್ಕೆ ಎಲ್ಲಿಂದ ಹುಟ್ಟಿದೆ? ಬಣ್ಣ ಮೈಯನ್ನು ತೋರಿಸುತ್ತಿದೆಯೋ ಮುಚ್ಚುತ್ತಿದೆಯೋ?

ಮೊದಲು ವಸ್ತುವಿನ ವಿಚಾರ. ಕ್ಲೇ ಎಂದು ಕರೆದರೂ ಇದರಲ್ಲಿ ಮಣ್ಣಿಲ್ಲ. ಪಿವಿಸಿ ಪುಡಿಗೆ ಮೆದುಗೊಳಿಸುವ ಎಣ್ಣೆಯಂಥ ದ್ರವವನ್ನೂ ಬಣ್ಣವನ್ನೂ ಕಲಸಿದ ಮುದ್ದೆ ಇದು. ಗಾಳಿಗೆ ಒಣಗುವುದಿಲ್ಲ. ಓವನ್ನಿನಲ್ಲಿ, ಕಂಪನಿಗೆ ತಕ್ಕಂತೆ 110ರಿಂದ 135 ಡಿಗ್ರಿ ಸೆಲ್ಸಿಯಸ್‌ನ ಶಾಖ ಕೊಟ್ಟಾಗ ಗಟ್ಟಿಯಾಗುತ್ತದೆ. ಶಾಖ ಕಡಿಮೆಯಾದರೆ ಗೊಂಬೆ ಒಳಗೆ ಹಸಿಯಾಗಿಯೇ ಉಳಿದು ಮುಂದೆ ಬಿರುಕು ಬಿಡುತ್ತದೆ. ಮಿತಿಮೀರಿದರೆ ಸುಟ್ಟು, ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅಡುಗೆಯ ಓವನ್ ಬೇರೆ, ಗೊಂಬೆಯ ಓವನ್ ಬೇರೆ ಇರಬೇಕು, ಕಿಟಕಿ ತೆರೆದಿರಬೇಕು ಎನ್ನುವುದು ಇದಕ್ಕೇ. ಚಳ್ಳಕೆರೆಯಂಥ ಬಿಸಿಲೂರಿನಲ್ಲಿ ಇನ್ನೊಂದು ತೊಡಕುಂಟು: ಬೇಸಿಗೆಯಲ್ಲಿ ತಂಪಿಲ್ಲದ ಕಡೆ ಇಟ್ಟ ಮುದ್ದೆ ಪೊಟ್ಟಣದಲ್ಲೇ ಬಿರುಸಾಗುತ್ತದೆ.

ಆದರೂ ಈ ವಸ್ತುವಿನ ಗುಣ ದೊಡ್ಡದು. ಅವಸರಪಡಿಸುವುದಿಲ್ಲ. ಇಂದು ಮಾಡಿದ ಕಿವಿಯನ್ನು ನಾಳೆ ತಿದ್ದಬಹುದು. ಸೂಜಿಮೊನೆಯಲ್ಲಿ ಗೀರಿದ ಒಂದೊಂದು ಕೂದಲೂ ಬೆಂದ ಮೇಲೆ ಹಾಗೆಯೇ ಉಳಿಯುತ್ತದೆ. ಒಳಗೆ ತಂತಿಯ ಹಂದರ ಕಟ್ಟಿ, ಅದರ ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಸುತ್ತಿ ಮೈಯ ಗಾತ್ರ ತಂದು, ಆಮೇಲೆ ಕ್ಲೇಯನ್ನು ತೆಳುವಾಗಿ ಹೊದಿಸುವುದು ಒಳ್ಳೆಯ ಕ್ರಮ. ಕ್ಲೇ ಉಳಿಯುತ್ತದೆ, ಶಾಖ ಸಮವಾಗಿ ಇಳಿಯುತ್ತದೆ. ಗೊಂಬೆಯ ಹಣೆಬರಹ ನಿರ್ಧಾರವಾಗುವುದು ಈ ಹಂದರದಲ್ಲಿಯೇ.

ಈಗ ಹೆಚ್ಚಾಗಿ ಕಾಣುವ ಗೊಂಬೆಗಳು ಸೋಲುವುದೂ ಇಲ್ಲಿ. ಮಾಡುವವರ ಶ್ರಮವೆಲ್ಲ ಮುಖಕ್ಕೆ ಹೋಗುತ್ತದೆ: ದೊಡ್ಡ ಗಾಜಿನ ಕಣ್ಣು, ಪುಟ್ಟ ಮೂಗು, ನಗುವ ಬಾಯಿ. ಕತ್ತಿನ ಕೆಳಗೆ ಬಂದರೆ ಮೈ ಒಂದು ಉಂಡೆ, ಕಾಲುಗಳು ನಾಲ್ಕು ಗೂಟ. ರೆಕ್ಕೆಯನ್ನು ಬೆನ್ನ ನಡುವೆ ಅಂಟಿಸಿಬಿಟ್ಟಿರುತ್ತಾರೆ. ಹಕ್ಕಿಯ ರೆಕ್ಕೆಯೆಂದರೆ ಅದರ ಕೈ. ಅದಕ್ಕೆ ಭುಜ, ಮೊಣಕೈ, ಮಣಿಕಟ್ಟು ಮೂರೂ ಇವೆ. ನಾಲ್ಕು ಕಾಲಿನ ಡ್ರ್ಯಾಗನ್ನಿಗೆ ಎರಡು ರೆಕ್ಕೆಯನ್ನೂ ಕೊಟ್ಟರೆ ಆರು ಅಂಗಗಳಾದವು. ಮುಂಗಾಲಿನ ಭುಜದ ಹಿಂದೆ ಇನ್ನೊಂದು ಭುಜ ಉಬ್ಬಲೇಬೇಕು, ಆ ಸ್ನಾಯು ಎದೆಯವರೆಗೆ ಇಳಿಯಲೇಬೇಕು. ಅಷ್ಟು ಮಾಡಿದರೆ ನೋಡುವವರು ಆ ಪ್ರಾಣಿ ಹಾರೀತು ಎಂದು ನಂಬುತ್ತಾರೆ. ಮಾಡದಿದ್ದರೆ ಅದು ವೇಷ ತೊಟ್ಟ ಹಲ್ಲಿ.

ಇಲ್ಲದ ಪ್ರಾಣಿಯನ್ನು ನಂಬಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿನ ಗಂಡಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಹೊಯ್ಸಳರ ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಇಷ್ಟು ಪ್ರಾಣಿಗಳನ್ನು ಸೇರಿಸಿದರೂ ಹಳೇಬೀಡಿನ ಗೋಡೆಯ ಪಟ್ಟಿಕೆಯಲ್ಲಿ ಮಕರ ಚೂರುಚೂರಾಗಿ ಕಾಣುವುದಿಲ್ಲ. ಸೊಂಡಿಲಿನ ಸುರುಳಿಯಿಂದ ಹೊರಟ ಗೆರೆ ಬೆನ್ನ ಮೇಲೆ ಹಾದು ಬಾಲದ ಬಳ್ಳಿಯಲ್ಲಿ ಮುಗಿಯುತ್ತದೆ. ಹಂಪಿಯ ವಿಠ್ಠಲ ದೇವಾಲಯದ ಯಾಳಿಗಳು ಹಿಂಗಾಲಿನ ಮೇಲೆ ನೆಗೆದು ನಿಂತಿವೆ. ಆ ಕಾಲುಗಳಲ್ಲಿ ಮೈಯ ಭಾರ ಕಾಣುತ್ತದೆ. ಈ ಶಿಲ್ಪಿಗಳು ಆನೆಯನ್ನೂ ಕುದುರೆಯನ್ನೂ ಬಲ್ಲವರು. ಬಲ್ಲ ಪ್ರಾಣಿಗಳಿಂದಲೇ ಇಲ್ಲದ್ದನ್ನು ಕಟ್ಟಿದರು.

ಬಣ್ಣದ ಗೊಂಬೆಗೆ ಇನ್ನೂ ಹತ್ತಿರದ ಮಾದರಿ ಕೊಪ್ಪಳ ಜಿಲ್ಲೆಯ ಕಿನ್ನಾಳ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಭಾಗಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರು, ಮರದ ಹೊಟ್ಟು, ಅಂಟು ಸೇರಿಸಿ ಕಲಸಿದ ಮುದ್ದೆಯಿಂದ ಸಂದುಗಳನ್ನು ಮುಚ್ಚುತ್ತಾರೆ. ಒಡವೆಗಳನ್ನು ಕಲ್ಲುಪುಡಿಯ ಸರಿಯಿಂದ ಉಬ್ಬಿಸುತ್ತಾರೆ. ಪಾಲಿಮರ್ ಕ್ಲೇ ಬರುವುದಕ್ಕೆ ಬಹಳ ಹಿಂದೆಯೇ ನಮ್ಮವರು ಕಲಸಿಕೊಂಡಿದ್ದ ಕ್ಲೇ ಇದೇ. ಕಿನ್ನಾಳದ ಕಾಮಧೇನು ಹಸುವಿನ ಮೈಯ, ಹೆಣ್ಣಿನ ಮುಖದ, ರೆಕ್ಕೆಯ ಪ್ರಾಣಿ. ಅದರ ಬಣ್ಣ ಸಪಾಟಾದರೂ ಅಳತೆಗೆ ತಪ್ಪುವುದಿಲ್ಲ: ಮೈಗೆ ಒಂದೇ ಬಣ್ಣ ಕೊಟ್ಟು, ಕಣ್ಣು ಹುಬ್ಬುಗಳ ಗೆರೆ ಕಡೆಗೆ ಬರೆದು, ಹೊಳಪನ್ನು ಒಡವೆ ಅಂಚುಗಳಿಗಷ್ಟೇ ಮೀಸಲಿಡುತ್ತಾರೆ. ಕೊರತೆಯೂ ಉಂಟು. ಇಂದಿನ ಹಲವು ಕಿನ್ನಾಳ ಗೊಂಬೆಗಳಲ್ಲಿ ಎಣ್ಣೆಬಣ್ಣದ ಮಿನುಗು ಕೆತ್ತನೆಯ ಸೂಕ್ಷ್ಮವನ್ನು ನುಂಗುತ್ತದೆ, ಭಂಗಿಗಳು ಮರುಕಳಿಸುತ್ತವೆ. ಆದರೂ ಹೊಳಪಿಗೆ ಜಾಗ ಗೊತ್ತುಮಾಡುವ ಆ ಸಂಯಮ ಕಲಿಯಬೇಕಾದದ್ದು.

ಪಾಲಿಮರ್ ಗೊಂಬೆಯ ಬಣ್ಣಕ್ಕೆ ಇರುವ ಅನುಕೂಲ ಕಿನ್ನಾಳಕ್ಕಿಲ್ಲ. ಕ್ಲೇಯಲ್ಲಿಯೇ ಬಣ್ಣವಿದೆ. ಬೇಯಿಸುವ ಮುಂಚೆ ಪೇಸ್ಟಲ್ ಸೀಮೆಸುಣ್ಣದ ಪುಡಿಯನ್ನು ಮೆತ್ತನೆಯ ಕುಂಚದಿಂದ ಸವರಿದರೆ ಅದು ಮೈಯೊಳಗಿನಿಂದ ಬಂದ ಕೆಂಪಿನಂತೆ ಕೂಡುತ್ತದೆ. ಬೆಂದ ಮೇಲೆ ನೀರಾದ ಆಕ್ರಿಲಿಕ್ ಹಚ್ಚಿ ಒರೆಸಿದರೆ ಗೀರುಗಳ ತಳದಲ್ಲಿ ಮಾತ್ರ ಕಪ್ಪು ಉಳಿದು ಹುರುಪೆ, ಕೂದಲು, ಸುಕ್ಕು ಎದ್ದು ಕಾಣುತ್ತವೆ. ಇಷ್ಟು ಸೂಕ್ಷ್ಮ ಸಾಧ್ಯವಿರುವಾಗ ಮೈತುಂಬ ಮಿನುಗುಪುಡಿ ಬಳಿದು, ನೇರಳೆಯಿಂದ ನೀಲಿಗೆ, ನೀಲಿಯಿಂದ ಗುಲಾಬಿಗೆ ತಿರುಗಿಸುವ ರೂಢಿ ನನಗೆ ಒಪ್ಪಿಗೆಯಾಗುವುದಿಲ್ಲ. ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಚಿಮ್ಮಿದರೆ ಉಬ್ಬು ತಗ್ಗು ಕಾಣುವುದಿಲ್ಲ. ದಿನಗಟ್ಟಲೆ ಗೀರಿದ ಕೂದಲು ವ್ಯರ್ಥ.

ಬಣ್ಣ ಮೈಗೆ ಹೇಗೆ ಹೊಂದಬೇಕೆಂದು ತಿಳಿಯಲು ಚಳ್ಳಕೆರೆ ಸೀಮೆಯವರು ದೂರ ಹೋಗಬೇಕಾಗಿಲ್ಲ. ನಾಯಕನಹಟ್ಟಿ ಸಮೀಪದ ಕುದಾಪುರ ಅಮೃತಮಹಲ್ ದನಗಳ ಕಾವಲುಗಳ ನಾಡು. ಹುಲ್ಲುಗಾವಲಿನ ಕೃಷ್ಣಮೃಗದ ಗಂಡನ್ನು ನೋಡಿ: ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಬಳೆ. ಕಪ್ಪು ಬಿಳಿಯ ಗಡಿ ಪಕ್ಕೆಯ ತಿರುವನ್ನೇ ಹಿಡಿದು ಸಾಗುತ್ತದೆ. ಸುರುಳಿ ಕೊಂಬಿನ ಬಳೆಗಳು ತುದಿಗೆ ಹೋದಂತೆ ಮಾಯವಾಗುತ್ತವೆ. ಅಮೃತಮಹಲ್ ದನದ ಕೊಂಬು ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಚೂಪಾಗಿ ಮೇಲೇಳುತ್ತದೆ. ಮ್ಯಾಸನಾಯಕರ ಹಟ್ಟಿಗಳಲ್ಲಿ ಕಿಲಾರಿಗಳು ಕಾಯುವ ದೇವರ ಎತ್ತುಗಳನ್ನು ಕಂಡವರಿಗೆ ಕೊಂಬಿನ ಬುಡದಲ್ಲಿ ಮೂಳೆ ಹೇಗೆ ಉಬ್ಬಿರುತ್ತದೆಂದು ಪುಸ್ತಕ ತೆರೆದು ತೋರಿಸಬೇಕಾಗಿಲ್ಲ. ಇದನ್ನು ಕಂಡ ಕೈ ಮಾಡಿದ ಕೊಂಬಿನ ನರಿಗೂ, ಪರದೇಶದ ಚಿತ್ರ ನೋಡಿ ಮಾಡಿದ ಕೊಂಬಿನ ನರಿಗೂ ವ್ಯತ್ಯಾಸ ಬಂದೇ ಬರುತ್ತದೆ.

ಈ ಸೀಮೆಗೆ ತನ್ನದೇ ಆದ ಪುರಾಣದ ಹಕ್ಕಿಯೂ ಇದೆ. ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವನ್ನು ಜನ ಜಟಾಯು ಬಿದ್ದ ಜಾಗವೆಂದು ನಂಬುತ್ತಾರೆ. ಲೇಪಾಕ್ಷಿಯಲ್ಲೂ ಕೇರಳದ ಚಡಯಮಂಗಲದಲ್ಲೂ ಅದೇ ನಂಬಿಕೆಯಿದೆ. ಚಡಯಮಂಗಲದ ಬಂಡೆಯ ಮೇಲೆ ಒಂದು ರೆಕ್ಕೆ ಕಡಿದು ಅಂಗಾತ ಬಿದ್ದ 200 ಅಡಿ ಉದ್ದದ ಜಟಾಯುವನ್ನೇ ಕಟ್ಟಿದ್ದಾರೆ. ಪಾಲಿಮರ್ ಕ್ಲೇಯ ಕಲಾವಿದರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಾಣುವುದಿಲ್ಲ. ಜಟಾಯು ಹದ್ದಲ್ಲ, ರಣಹದ್ದು: ಗರಿಯಿಲ್ಲದ ಬತ್ತಲೆ ಕತ್ತು, ಕತ್ತಿನ ಬುಡದಲ್ಲಿ ಮಾಸಲು ಗರಿಗಳ ಕೊರಳಪಟ್ಟಿ, ಗೂನು ಭುಜ. ಮುದಿ ಹಕ್ಕಿ ಬೇರೆ. ಸುಕ್ಕಾದ ತೊಗಲು, ಸವೆದ ಗರಿ, ರೆಕ್ಕೆ ತುಂಡಾದ ಜಾಗ ಇವೆಲ್ಲ ಈ ವಸ್ತುವಿಗೆ ಒಪ್ಪುವ ಕೆಲಸ. ಆದರೆ ಮಾದರಿಯೇ ಅಪರೂಪವಾಗಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ ದೇಶದ ರಣಹದ್ದುಗಳಲ್ಲಿ ಬಹುಪಾಲು ಅಳಿದವು. 2006ರಲ್ಲಿ ಆ ಔಷಧದ ಪಶು ಬಳಕೆಗೆ ನಿಷೇಧ ಬಂತು. ಕರ್ನಾಟಕದಲ್ಲಿ ಅವುಗಳಿಗೆಂದೇ ರಾಮನಗರದ ರಾಮದೇವರಬೆಟ್ಟದಲ್ಲಿ ರಕ್ಷಿತ ಧಾಮವಿದೆ. ಕಣ್ಮರೆಯಾಗುತ್ತಿರುವ ಹಕ್ಕಿಯ ಮೈಯನ್ನು ಸರಿಯಾಗಿ ನೆನಪಿಡಿಸುವ ಗೊಂಬೆ ಬರಿಯ ಅಲಂಕಾರದ ವಸ್ತುವಾಗಿ ಉಳಿಯುವುದಿಲ್ಲ.

ಒಂದು ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಪೂಜೆ ಮುಗಿದ ಮೇಲೆ ನೀರಿನಲ್ಲಿ ಕರಗಿ ಮಣ್ಣಿಗೆ ಹಿಂದಿರುಗುತ್ತದೆ. ಪಿವಿಸಿಯ ಗೊಂಬೆ ಹಿಂದಿರುಗುವುದಿಲ್ಲ. ಅಂದಮೇಲೆ ಅದು ಉಳಿಯಲು ಯೋಗ್ಯವಾಗಿರಬೇಕು. ಒಂದೇ ಅಚ್ಚಿನ ನೂರು ಕೀ ಚೈನ್ ಡ್ರ್ಯಾಗನ್ ಮಾಡುವುದು ಈ ವಸ್ತುವಿಗೂ ನೆಲಕ್ಕೂ ಅನ್ಯಾಯ. ಹತ್ತು ಪ್ರಾಣಿಗಳ ಬದಲು ಒಂದನ್ನು, ಮೊಮ್ಮಕ್ಕಳೂ ಎತ್ತಿಡುವಂತೆ ಮಾಡುವುದೇ ನ್ಯಾಯ. ಕಲಿಯುವ ಹಂತದ ತಪ್ಪುಗಳನ್ನೆಲ್ಲ ಕೆರೆಯ ಜೇಡಿಮಣ್ಣಿನಲ್ಲಿ ಮಾಡಿ ಮುಗಿಸಬಹುದು.

ನನ್ನ ತೀರ್ಮಾನ ಹೀಗಿದೆ. ವಸ್ತು ಸಮರ್ಥವಾಗಿದೆ, ಕೈಗಳೂ ನುರಿತಿವೆ, ಎರವಲು ಪಡೆದಿರುವುದು ಕಣ್ಣು. ಅದನ್ನು ಸ್ವಂತವಾಗಿಸಿಕೊಳ್ಳಲು ಕುದಾಪುರದಂಥ ಜಾಗ ಬೇರೆ ಸಿಗಲಾರದು. ಅಲ್ಲಿ 1,500 ಎಕರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಆ ತರಗತಿಗಳಿಂದ ಮರಳುವ ಶಿಕ್ಷಕರಲ್ಲಿ ನನ್ನದೊಂದು ಬೇಡಿಕೆ: ಅಸ್ಥಿಪಂಜರದ ಪಾಠವನ್ನು ಹಲಗೆಯ ಮೇಲೆ ಮುಗಿಸಬೇಡಿ, ಮಕ್ಕಳ ಕೈಗೆ ತಂತಿ ಮತ್ತು ಮಣ್ಣು ಕೊಡಿ. ಮೊದಲು ಎತ್ತು, ಆಮೇಲೆ ಜಿಂಕೆ, ಆಮೇಲೆ ರಣಹದ್ದು. ಇಷ್ಟು ಕಲಿತ ಮಗುವಿಗೆ ತನ್ನದೇ ಆದ, ಯಾರೂ ಕಾಣದ ಪ್ರಾಣಿಯನ್ನು ಮಾಡುವ ಹಕ್ಕೂ ಶಕ್ತಿಯೂ ತಾನಾಗಿ ಬರುತ್ತದೆ.