ಸೆಫ್ಟ್ರಿಯಾಕ್ಸೋನ್ ಮತ್ತು ಮದ್ಯವ್ಯಸನ: ಒಂದು ಕೀರ್ತಿಯ ಪರೀಕ್ಷೆ

ಸೋಂಕುಗಳಿಗೆಂದು ನಿರ್ಮಿತವಾದ ಪ್ರತಿಜೀವಕಗಳನ್ನು ಮದ್ಯವ್ಯಸನದ ಚಿಕಿತ್ಸೆಗೆ ತಿರುಗಿಸಬಹುದೆಂಬ ಆಶೆಯು ಒಂದು ದಶಕಕ್ಕೂ ಮಿಕ್ಕಿ ವೈದ್ಯಕೀಯ ಸಮೀಕ್ಷೆಗಳಲ್ಲಿ ಗೌರವದ ಸ್ಥಾನವನ್ನು ಪಡೆದು ಬಂದಿದೆ. ಅವುಗಳಲ್ಲಿ ಸೆಫ್ಟ್ರಿಯಾಕ್ಸೋನಿಗೆ ಸಂದಿರುವ ಕೀರ್ತಿಯು ಅದಕ್ಕಿರುವ ಆಧಾರಕ್ಕಿಂತ ಬಹಳ ದೊಡ್ಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಮಿದುಳಿನಲ್ಲಿ ಗ್ಲುಟಮೇಟಿನ ವ್ಯಾಪಾರವನ್ನು ಬಲ್ಲ ಓದುಗರಿಗೆ ಪೀಠಿಕೆ ಬೇಡ. 2005ರಲ್ಲಿ ರಾತ್‌ಸ್ಟೈನ್ ಮತ್ತು ಸಂಗಡಿಗರು ಬಳಕೆಯಲ್ಲಿದ್ದ 1,040 ಔಷಧಗಳನ್ನು ಶೋಧಿಸಿ, ಗ್ಲುಟಮೇಟನ್ನು ಹೀರಿ ತೆಗೆಯುವ ಜಿಎಲ್‌ಟಿ-1 ಪ್ರೋಟೀನನ್ನು ಬೀಟಾ-ಲ್ಯಾಕ್ಟಮ್ ವರ್ಗವು ಹೆಚ್ಚಿಸುವುದೆಂದು ತೋರಿಸಿದರು. 2011ರಲ್ಲಿ ಯೂಸೆಫ್ ಸಾರಿ ಮತ್ತು ಸಹೋದ್ಯೋಗಿಗಳು ಆ ವರ್ಗದ ಸೆಫ್ಟ್ರಿಯಾಕ್ಸೋನು ಇಲಿಗಳ ಮದ್ಯಸೇವನೆಯನ್ನು ತಗ್ಗಿಸುವುದೆಂದು ಪ್ರಕಟಿಸಿದರು.

ಈ ಎರಡನೆಯ ಪ್ರಯೋಗದ ವಿಧಾನವನ್ನು ನಿಧಾನವಾಗಿ ನೋಡತಕ್ಕದ್ದು. ತಲೆಮಾರುಗಳ ಆಯ್ಕೆಯಿಂದ ಮದ್ಯಪ್ರಿಯವಾಗುವಂತೆ ಇಂಡಿಯಾನಾದಲ್ಲಿ ಬೆಳೆಸಿದ ತಳಿಯ ಇಲಿಗಳ ಮುಂದೆ ನೀರು, 15% ಮದ್ಯಸಾರ, 30% ಮದ್ಯಸಾರ ಇವುಗಳ ಸೀಸೆಗಳನ್ನು ಐದು ವಾರ ಹಗಲಿರುಳೂ ಇಟ್ಟು, ಬಳಿಕ ಔಷಧವನ್ನು ಉದರದೊಳಕ್ಕೆ ಚುಚ್ಚಿ, ಅವು ಎಷ್ಟು ಕುಡಿದುವೆಂಬುದನ್ನು ಅಳೆಯಲಾಯಿತು. ಮದ್ಯ ಇಳಿಯಿತು, ನೀರು ಏರಿತು. ಆದುದರಿಂದ ಔಷಧವು ಪ್ರಾಣಿಗಳನ್ನು ಕೇವಲ ನಿಸ್ತೇಜಗೊಳಿಸಿತೆಂಬ ಆಕ್ಷೇಪವು ನಿಲ್ಲಲಾರದು, ಅಷ್ಟರಮಟ್ಟಿಗೆ ಕೆಲಸ ಶುದ್ಧವಾದುದೇ. ಆದರೆ ಅಲ್ಲಿ ಅಳತೆಗೆ ಸಿಕ್ಕಿದುದೇನು? ಎಂದೂ ತೀರದ, ಬೆಲೆ ತೆರಬೇಕಿಲ್ಲದ, ದಂಡನೆಯನ್ನು ತಾರದ ಮದ್ಯವನ್ನು ಪ್ರಾಣಿಯು ಎಷ್ಟು ಕುಡಿಯಿತೆಂಬುದು. ಸಂಬಳ, ಸಂಸಾರ, ಯಕೃತ್ತು ಒಂದೊಂದಾಗಿ ಕೈಬಿಡುತ್ತಿರುವುದನ್ನು ಕಣ್ಣಾರೆ ಕಂಡೂ ಲೋಟಕ್ಕೆ ಕೈಚಾಚುವ ಮನುಷ್ಯನ ವ್ಯಾಧಿಯ ತಿರುಳಾದರೋ ಹಾನಿಯನ್ನರಿತೂ ನಿಲ್ಲಿಸಲಾರದ ಪಾರವಶ್ಯದಲ್ಲಿದೆ, ಮತ್ತು ಆ ಪಾರವಶ್ಯದ ಬಳಿಗೆ ಈ ಸೀಸೆಗಳು ಹೋಗುವುದೇ ಇಲ್ಲ. ಮದ್ಯವನ್ನು ಕೆಲಕಾಲ ತಡೆದು ಮರಳಿ ಕೊಟ್ಟ ಅನಂತರದ ಪ್ರಯೋಗಗಳು ಒಂದು ಹೆಜ್ಜೆ ಹತ್ತಿರ ಬಂದುವು. ಅಳತೆಗೋಲು ಮಾತ್ರ ಅದೇ ಉಳಿಯಿತು.

ನನ್ನ ಜಗಳವಿರುವುದು ಪ್ರಯೋಗಶಾಲೆಯವರಿಗಿಂತ ಹೆಚ್ಚಾಗಿ ಸಮೀಕ್ಷಕರೊಡನೆ. ಔಷಧವು ಹಳೆಯದು, ಅನುಮತಿ ಪಡೆದುದು, ಆದುದರಿಂದ ನಿರಪಾಯವೆಂದು ಅವರು ಬರೆಯುತ್ತಾರೆ. ಟೈಫಾಯ್ಡಿಗೆ ಒಂದೆರಡು ವಾರ ಕೊಡುವ ಔಷಧದ ನಿರಪಾಯತೆಯನ್ನು ವರ್ಷಗಟ್ಟಲೆ ಕಾಡುವ ವ್ಯಸನಕ್ಕೆ ಹಾಗೆಯೇ ಸಾಗಿಸಿಬಿಡಬಹುದೆ? ಉತ್ತರವು ಅವರ ಕಣ್ಣೆದುರಿಗೇ ಇದೆ. ಚಲನೆಯ ನರಕೋಶಗಳು ನಶಿಸುವ ಎ.ಎಲ್.ಎಸ್. ವ್ಯಾಧಿಗೆ ಇದೇ ಔಷಧವನ್ನು ಇದೇ ಜಿಎಲ್‌ಟಿ-1 ತರ್ಕದ ಮೇಲೆ, ಎದೆಯ ದೊಡ್ಡ ಅಭಿಧಮನಿಗೆ ಇಳಿಸಿದ ನಳಿಕೆಯ ಮೂಲಕ ದೀರ್ಘಕಾಲ ಕೊಟ್ಟು ನೋಡಿದರು. ಚಿಟ್ಟಿಲಿಗಳಲ್ಲಿ (ಮೌಸ್) ಫಲಿಸಿದ್ದ ಆ ಚಿಕಿತ್ಸೆಯು 513 ರೋಗಿಗಳಲ್ಲಿ ವಿಫಲವಾಯಿತೆಂದು 2014ರಲ್ಲಿ ಪ್ರಕಟವಾಯಿತು, ಮತ್ತು ಔಷಧ ಪಡೆದವರಲ್ಲಿ ಪಿತ್ತಕೋಶ-ಯಕೃತ್ತುಗಳ ತೊಂದರೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಮದ್ಯದಿಂದ ಯಕೃತ್ತು ಜರ್ಝರಿತವಾದವನಿಗೆ ಇದನ್ನು ಸೂಚಿಸುವ ಲೇಖಕನು ಈ ಫಲಿತಾಂಶವನ್ನು ಅರ್ಧ ವಾಕ್ಯದಲ್ಲಿ ದಾಟಿಹೋಗುವುದು ಕ್ಷಮ್ಯವಲ್ಲ. ಮಿನೋಸೈಕ್ಲಿನಿನ ಕಥೆಯೂ ಬೇರೆಯಲ್ಲ: ಚಿಟ್ಟಿಲಿಗಳು ಕಡಮೆ ಕುಡಿದುವು, ಮನುಷ್ಯರಲ್ಲಿ 2019ರ ಪರೀಕ್ಷೆಯು ಮದ್ಯದ ಅನುಭವದಲ್ಲಿ ವ್ಯತ್ಯಾಸವನ್ನು ಕಾಣಲಿಲ್ಲ. 1960ರ ದಶಕದಲ್ಲಿ ಮೆಟ್ರೊನಿಡಜೋಲಿನ ಮೇಲೆ ಇಟ್ಟಿದ್ದ ಭರವಸೆಯೂ ನಿಯಂತ್ರಿತ ಪರೀಕ್ಷೆಗಳೆದುರು ಕರಗಿಹೋಗಿತ್ತು.

ಎದುರು ಪಕ್ಷದವರಾದರೂ ಸರಿಯಾದ ಗುರಿಗೆ ಹೊಡೆಯುತ್ತಿಲ್ಲ. ಪ್ರತಿಜೀವಕಗಳನ್ನು ಹೀಗೆ ಹಂಚಿದರೆ ಬ್ಯಾಕ್ಟೀರಿಯಾಗಳು ಅವುಗಳಿಗೆ ಮಣಿಯದಂತಾಗುವುವೆಂಬ ಒಂದೇ ಮಾತಿನಿಂದ ಅವರು ಇಡೀ ವಿಚಾರವನ್ನು ತಳ್ಳಿಹಾಕುತ್ತಾರೆ. ಭಯ ನಿಜವಾದುದು, ಅದರಿಂದ ವಾದ ಮುಗಿಯುವುದಿಲ್ಲ. ತಾನಾಗಿ ಬ್ಯಾಕ್ಟೀರಿಯಾಗಳನ್ನು ಅಷ್ಟಾಗಿ ಕೊಲ್ಲದ ಕ್ಲಾವುಲಾನಿಕ್ ಆಮ್ಲವೂ ಅದೇ ತಳಿಯ ಇಲಿಗಳ ಮದ್ಯಸೇವನೆಯನ್ನು ಇಳಿಸಿತೆಂಬುದನ್ನು ಇಬ್ಬರೂ ಗಮನಿಸಬೇಕಾಗಿತ್ತು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಗುಣಕ್ಕೂ ಈ ಪರಿಣಾಮಕ್ಕೂ ಸಂಬಂಧವಿಲ್ಲವಾದರೆ, ಸೆಫ್ಟ್ರಿಯಾಕ್ಸೋನಿನ ಪರವಾಗಿ ಹಿಡಿದ ಪಟ್ಟೂ ಅದರ ವಿರುದ್ಧ ಹೂಡಿದ ಆಕ್ಷೇಪವೂ ಒಟ್ಟಿಗೇ ಸಡಿಲುತ್ತವೆ. ಕ್ಲಾವುಲಾನಿಕ್ ಆಮ್ಲವನ್ನು ಬಾಯಿಂದ ನುಂಗಬಹುದು. ಅಮಾಕ್ಸಿಸಿಲಿನ್ನಿನೊಡನೆ ಅದು ಔಷಧದಂಗಡಿಗಳಲ್ಲಿ ದಶಕಗಳಿಂದಲೂ ಇದೆ. ಶ್ರಮವನ್ನೂ ಹಣವನ್ನೂ ವೆಚ್ಚಮಾಡುವುದಾದರೆ ಅದನ್ನೊಂದನ್ನೇ ಬೇರ್ಪಡಿಸಿ, ಕುಡಿತವನ್ನು ಬಿಡಬೇಕೆಂದು ತಾವಾಗಿ ಬಂದ ರೋಗಿಗಳಲ್ಲಿ, ಈಗಾಗಲೇ ಕೈಯಲ್ಲಿರುವ ನಾಲ್ಟ್ರೆಕ್ಸೋನಿನ ಎದುರಿಗಿಟ್ಟು, ತಿಂಗಳುಗಳ ಕಾಲ ಪರೀಕ್ಷಿಸಲಿ.