ಚಂಬಲ್‌ನಲ್ಲಿ ಮರಳನ್ನು ನೋಡಿ

ಇಂದು ಸ್ಕಿಮ್ಮರ್ ಹಕ್ಕಿಯ ಸರದಿ. ಕಿತ್ತಳೆ ಕೊಕ್ಕಿನ ಉದ್ದನೆಯ ಕೆಳದವಡೆಯನ್ನು ನೀರಿಗಿಳಿಸಿ, ನದಿಯ ಮೈ ಸೀಳುತ್ತ ಹಾರುವ ಈ ಹಕ್ಕಿಗಾಗಿಯೇ ಹಲವರು ಚಂಬಲ್ ನದಿಗೆ ಹೋಗುತ್ತಾರೆ. ಆದರೆ ಹಾರಾಟದ ವರ್ಣನೆ ಇನ್ನೊಮ್ಮೆ ಆಗಲಿ. ಹಕ್ಕಿ ಮೊಟ್ಟೆಯಿಡುವ ಮರಳುದಿಣ್ಣೆಯ ಕಥೆ ಅದಕ್ಕಿಂತ ದೊಡ್ಡದು.

ಆ ದಿಣ್ಣೆ ಸ್ಕಿಮ್ಮರ್ ಒಂದರದ್ದೇ ಅಲ್ಲ. ರಂಗನತಿಟ್ಟಿನ ದೋಣಿಯಿಂದ ಬಂಡೆಯ ಮೇಲೆ ಮಲಗಿದ ಮೊಸಳೆ ಕಂಡವರು ಇಲ್ಲಿನ ಘರಿಯಾಲ್ ಮೊಸಳೆಯನ್ನೂ ಹಾಗೇ ಊಹಿಸಬಾರದು. ಬೆಳೆದ ಘರಿಯಾಲ್ ಮೈಯೆತ್ತಿ ನಡೆಯಲಾರದು. ಹೊಟ್ಟೆಯ ಮೇಲೆ ತೆವಳುತ್ತದೆ. ಹಾಗಾಗಿ ಆಳದ ನೀರಿಗೆ ಅಂಟಿಕೊಂಡ ಮರಳೇ ಅದರ ನೆಲ. ಮಾರ್ಚ್–ಏಪ್ರಿಲ್‌ನಲ್ಲಿ ಹೆಣ್ಣು ಅದೇ ಮರಳು ತೋಡಿ ಮೊಟ್ಟೆಯಿಡುತ್ತದೆ. ಮಳೆಗಾಲಕ್ಕೆ ಮುನ್ನ ಹೊರಬಿದ್ದ ನೂರಾರು ಮರಿಗಳನ್ನು, ಮೂತಿಯ ತುದಿಯಲ್ಲಿ ಗಡಿಗೆಯಂಥ ಉಬ್ಬು ಹೊತ್ತ ಗಂಡೂ ಕಾಯುತ್ತದೆ. ಗಂಡಿನ ತಲೆಯ ಮೇಲೆ ಕೆಂಪು ಬಣ್ಣವೇರುವ ಬಟಾಗುರ್ ಆಮೆಗೂ ಗೂಡು ಇದೇ ಮರಳು. ಸ್ಕಿಮ್ಮರ್ ಅಂತೂ ದ್ವೀಪದ ಬಯಲಲ್ಲೇ ಮೊಟ್ಟೆಯಿಡುತ್ತದೆ. ಅದಕ್ಕೆ ಸುತ್ತಲ ನೀರೇ ಬೇಲಿ.

ಆ ಬೇಲಿ ಈಗ ಗಟ್ಟಿಯಿಲ್ಲ. ನದಿಯ ಮೇಲ್ಭಾಗದಲ್ಲಿ ಗಾಂಧಿ ಸಾಗರ, ರಾಣಾ ಪ್ರತಾಪ್ ಸಾಗರ, ಜವಾಹರ್ ಸಾಗರ ಅಣೆಕಟ್ಟುಗಳೂ ಕೋಟಾ ಬ್ಯಾರೇಜೂ ಇವೆ. ಬೇಸಿಗೆಯಲ್ಲಿ ನೀರು ತಗ್ಗಿದರೆ ದ್ವೀಪ ದಂಡೆಗೆ ಸೇರಿ ನಾಯಿ, ನರಿ ನಡೆದೇ ಬರುತ್ತವೆ. ಒಮ್ಮೆಲೇ ನೀರು ಬಿಟ್ಟರೆ ಗೂಡುಗಳು ಮುಳುಗುತ್ತವೆ. ಉಳಿದ ಮರಳನ್ನು, ನಿಷೇಧವಿದ್ದರೂ, ಟ್ರ್ಯಾಕ್ಟರ್‌ಗಳು ಹೊರುತ್ತವೆ.

ಇಷ್ಟು ತಿಳಿದ ಮೇಲೂ ನಮ್ಮ ಮೋಟಾರು ದೋಣಿಯ ಪಂಗಡದವರು ಒಂದೇ ಸವಾರಿಯಲ್ಲಿ ಎಷ್ಟು ಜಾತಿ ಕಂಡೆವು ಎಂದು ಲೆಕ್ಕ ಒಪ್ಪಿಸುತ್ತಾರೆ. ಅವರೊಂದಿಗೆ ನನ್ನ ಜಗಳ ಹಳೆಯದು. ಚಳಿಗಾಲದ ಬೆಳಿಗ್ಗೆ ಘರಿಯಾಲ್ ದಡಕ್ಕೆ ಬರುವುದು ಮೈ ಕಾಯಿಸಲು. ಅದು ಬಿಸಿಲಿನ ಶಾಖದಿಂದಲೇ ಚುರುಕಾಗುವ ಪ್ರಾಣಿ. ಒಂದು ಚಿತ್ರಕ್ಕಾಗಿ ಎಂಜಿನ್ ಮೊರೆಸಿ ಹತ್ತಿರ ನುಗ್ಗಿದರೆ ಅದು ತಣ್ಣೀರಿಗೆ ಜಾರುತ್ತದೆ. ನಿಮಗೆ ಚಿತ್ರ ಸಿಗುತ್ತದೆ, ಅದಕ್ಕೆ ಆ ಬಿಸಿಲು ತಪ್ಪುತ್ತದೆ.

ದೂರದ ನೋಟಕ್ಕೆ ತನ್ನದೇ ಚೆಲುವಿದೆ. ಕಾಳಿದಾಸನ ಕಾವ್ಯದ ಮೇಘ, ಚರ್ಮಣ್ವತಿ ಎನಿಸಿದ ಈ ನದಿಯ ನೀರು ಕುಡಿಯಲು ಬಾಗುತ್ತದೆ. ಆಗ ಆಕಾಶಚಾರಿಗಳಿಗೆ ಅಗಲವಾದ ಹೊಳೆಯೂ ದೂರದಿಂದ ಸಣ್ಣಗಾಗಿ, ನಡುವೆ ನೀಲಮಣಿ ಕೂತ ಮುತ್ತಿನ ಎಳೆಯಾಗಿ ಕಾಣುತ್ತದೆ. ದೂರವೇ ಹೊಳೆಯನ್ನು ಒಡವೆ ಮಾಡುತ್ತದೆಂದು ಕಂಡ ಆ ಕಣ್ಣಿಗೆ ನಾನು ಸೋತಿದ್ದೇನೆ. ದೋಣಿಯ ಹಲಗೆ ಕೊಡುವುದು ಇನ್ನೊಂದು ನೋಟ. ಅಲ್ಲಿ ಮರಳು ಕಣ್ಣಿನ ಮಟ್ಟಕ್ಕೇ ಬರುತ್ತದೆ; ಹೆಜ್ಜೆಗುರುತು, ಹೊಟ್ಟೆ ಎಳೆದ ಜಾಡು, ಕೆದರಿದ ಗೂಡು ಎಲ್ಲವೂ ಓದಲು ಸಿಗುತ್ತವೆ.

ಹೋಗುವುದಾದರೆ ಅಂಬಿಗನಿಗೆ ಮೊದಲೇ ಹೇಳಿ: ದಿಣ್ಣೆ ದೂರವಿರುವಾಗಲೇ ಎಂಜಿನ್ ನಿಲ್ಲಲಿ, ದೋಣಿ ಹರಿವಿನೊಂದಿಗೆ ತೇಲಲಿ. ದ್ವೀಪಕ್ಕೆ ಕಾಲಿಡಬೇಡಿ. ಮರಳು ಉಳಿದಿದ್ದರೆ ಸ್ಕಿಮ್ಮರ್ ಬಂದೇ ಬರುತ್ತದೆ. ಅದನ್ನು ಹಿಂಬಾಲಿಸುವ ಅಗತ್ಯ ಯಾರಿಗೂ ಇಲ್ಲ.