‘ಹೋಗಲ್ಲ’ ಎನ್ನುವ ಕೋಡು
ಹುಣಸೂರಿನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕೈ ತೋರಿಸಿ ‘ಎಚ್.ಡಿ. ಕೋಟೆಗೆ ಹೋಗುತ್ತಾ ಸಾರ್?’ ಎಂದರೆ, ಕಂಡಕ್ಟರು ಅಲ್ಲೇ ‘ಹೋಗಲ್ಲ’ ಅನ್ನುತ್ತಾರೆ. ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಕೋಡಿನಲ್ಲಿ ನಾನು ಮೆಚ್ಚುವುದೂ ಇದನ್ನೇ. ಸಾಕೆಟ್‌ಗೆ ಗೊತ್ತಿಲ್ಲದ ಆಯ್ಕೆ ಕೇಳಿದರೆ ಆಯಿತೆಂದು ನಂಬಿಸುವುದಿಲ್ಲ; ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ 92ನೇ ದೋಷಸಂಖ್ಯೆ ಕೊಡುತ್ತದೆ. ಬೆಂಬಲವೇ ಇಲ್ಲದ ಕೆಲಸಕ್ಕೆ 95. ಸಂಖ್ಯೆಯಲ್ಲೇ ಕಾರಣವಿದೆ.

ಐಪಿವಿ6 ಪ್ರೋಟೋಕಾಲ್ ಇನ್ನೂ ಸೊಗಸು. ಪ್ಯಾಕೆಟ್ಟಿನಲ್ಲಿ ಅಪರಿಚಿತ ಆಯ್ಕೆ ಕಂಡರೆ ದಾಟಿ ಮುಂದೆ ಹೋಗಬೇಕೋ, ಪ್ಯಾಕೆಟ್ಟನ್ನೇ ಬಿಸಾಡಬೇಕೋ, ಕಳಿಸಿದವರಿಗೆ ತಿಳಿಸಬೇಕೋ ಎಂಬುದನ್ನು ಆ ಆಯ್ಕೆಯ ಮೊದಲೆರಡು ಬಿಟ್‌ಗಳೇ ಹೇಳುತ್ತವೆ. ಮುಂದೆಂದೋ ಹುಟ್ಟುವ ಆಯ್ಕೆಗೂ ಇಂದೇ ದಾರಿ ಮಾಡಿಟ್ಟ ಆ ಮುಂದಾಲೋಚನೆಗೆ ಕೈಮುಗಿಯಬೇಕು.

ಕರ್ನಲ್‌ನೊಳಗೆ ಕೆಲಸ ಅರ್ಧಕ್ಕೆ ಕೆಟ್ಟರೆ? ಹಾಕಿದ ಲಾಕು, ಪಡೆದ ಮೆಮೊರಿ ಎಲ್ಲವನ್ನೂ ಕೋಡು ‘ಗೋಟು’ (goto) ಹಿಡಿದು ತಿರುಗುಮುರುಗಾಗಿ ಬಿಡಿಸುತ್ತಾ ಬರುತ್ತದೆ, ಹೊಗೆಸೊಪ್ಪಿನ ಕಡ್ಡಿಯ ದಾರ ಎಳೆದಾಗ ಕೊನೆಗೆ ಕಟ್ಟಿದ ಎಲೆ ಮೊದಲು ಕಳಚುವ ಹಾಗೆ.